ಡೇಕೇರ್ ಖರ್ಚಿಗೆ ಎಫ್‌ಎಸ್‌ಎ ತಗೊಳ್ಳಬೇಕಾ?

ಡಲ್ಲಾಸ್‌ನಲ್ಲಿದ್ದೀರಿ, ಮಗಳಿಗೆ ಮೂರು ವರ್ಷ, ಡೇಕೇರ್‌ಗೆ ತಿಂಗಳಿಗೆ 1,400 ಡಾಲರ್, ಆಫೀಸಿನಲ್ಲಿ, ಮಗುವಿನ ಆರೈಕೆ ಖರ್ಚಿಗೆ ಸಂಬಳದಿಂದ ದುಡ್ಡು ಎತ್ತಿಡುವ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ತಗೊಳ್ಳಲಾ ಅಂತ ಕೇಳಿದ್ದೀರಿ. ಇಬ್ಬರೂ ಕೆಲಸಕ್ಕೆ ಹೋಗುತ್ತೀರಾ ಅನ್ನೋದನ್ನೇ ಹೇಳಲಿಲ್ಲ. ಎಲ್ಲ ನಿಂತಿರೋದು ಅದರ ಮೇಲೆ. ಒಬ್ಬರು ಎಚ್4 (ಅವಲಂಬಿತರ ವೀಸಾ) ಮೇಲೆ ಬಂದು, ಇಎಡಿ ಅನ್ನೋ ಕೆಲಸದ ಪರವಾನಗಿ ಇಲ್ಲದೆ ಮನೆಯಲ್ಲಿದ್ದರೆ ಇದು ನಿಮಗಲ್ಲ. ಫುಲ್ ಟೈಮ್ ಓದುತ್ತಿದ್ದರೆ ಪರವಾಗಿಲ್ಲ, ಆಗಲೂ ಓದುವ ಪ್ರತಿ ತಿಂಗಳಿಗೆ 250 ಡಾಲರ್ ಲೆಕ್ಕದಲ್ಲಷ್ಟೇ ತೆರಿಗೆ ಉಳಿಸಬಹುದು.

ಇಬ್ಬರೂ ದುಡಿಯುತ್ತಿದ್ದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ತೆರಿಗೆ ಹಿಡಿಯುವ ಮುಂಚೆಯೇ ಈ ದುಡ್ಡು ಸಂಬಳದಿಂದ ಪಕ್ಕಕ್ಕೆ ಹೋಗುತ್ತದೆ. ಎಷ್ಟೋ ವರ್ಷ 5,000ದಲ್ಲೇ ನಿಂತಿದ್ದ ಮಿತಿ 2026ರಿಂದ ಒಂದು ಮನೆಗೆ 7,500 ಡಾಲರ್ ಆಗಿದೆ. ನಿಮ್ಮ ಕಂಪನಿಯೂ ಏರಿಸಿದೆಯಾ ಅಂತ ಎಚ್‌ಆರ್‌ನಲ್ಲಿ ವಿಚಾರಿಸಿ. ನೀವು ಆದಾಯ ತೆರಿಗೆಯ 22 ಪರ್ಸೆಂಟ್ ಬ್ರ್ಯಾಕೆಟ್‌ನಲ್ಲಿದ್ದರೆ, ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ನ 7.65 ಸೇರಿ, ಪೂರ್ತಿ ಹಾಕಿದಾಗ ಸುಮಾರು 2,220 ಡಾಲರ್ ಉಳಿಯುತ್ತದೆ. ಇದನ್ನು ಬಿಟ್ಟು ರಿಟರ್ನ್ಸ್‌ನಲ್ಲಿ ಚೈಲ್ಡ್ ಕೇರ್ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲಿ ರಿಯಾಯಿತಿ) ತಗೊಂಡರೆ, ಒಂದು ಮಗುವಿಗೆ 3,000 ಡಾಲರ್ ಖರ್ಚಿನ ಮೇಲೆ ಮಾತ್ರ. ಈ ಬ್ರ್ಯಾಕೆಟ್‌ನವರ ಕೈಗೆ ಬರುವುದು 600ರಿಂದ 1,050. 7,500 ಎಫ್‌ಎಸ್‌ಎಗೆ ಹಾಕಿದ ಮೇಲೆ ಆ ಕ್ರೆಡಿಟ್ ಸೊನ್ನೆ.

ನಾನು ಮೊದಲ ವರ್ಷ ಪೆದ್ದನಾದೆ. ಆಸ್ಪತ್ರೆ ಖರ್ಚಿನ ಹೆಲ್ತ್ ಎಫ್‌ಎಸ್‌ಎ ಥರ ಇಲ್ಲೂ ಜನವರಿಯಲ್ಲೇ ಪೂರ್ತಿ ದುಡ್ಡು ಸಿಗುತ್ತದೆ ಅಂದುಕೊಂಡು 1,250 ಡಾಲರ್ ಬಿಲ್ ಹಾಕಿದೆ. ಬಂದದ್ದು 208! ತಿಂಗಳಿಗೆ ಎರಡು ಸಂಬಳ, ಆಗಿನ 5,000 ಭಾಗಿಸು 24. ಅಷ್ಟರಲ್ಲಿ ಕಡಿತವಾಗಿದ್ದು ಅಷ್ಟೇ, ಕೊಟ್ಟಿದ್ದೂ ಅಷ್ಟೇ. ಆ ತಿಂಗಳು ಕ್ರೆಡಿಟ್ ಕಾರ್ಡ್ ಉಜ್ಜಿ ಸುಧಾರಿಸಿದೆವು.

ಖರ್ಚಾಗದ ದುಡ್ಡು ಹೋಯ್ತು ಅಂತ ಎಲ್ಲರೂ ಹೆದರಿಸುತ್ತಾರೆ. ನಿಜವೇ, ಮುಂದಿನ ವರ್ಷಕ್ಕೆ ಹೋಗಲ್ಲ. ಆದರೆ ಊರಿಂದ ಅಜ್ಜಿ ಬಂದು ಆರು ತಿಂಗಳು ಡೇಕೇರ್ ಬಿಡಿಸಿದರೂ, ಉಳಿದ ಆರು ತಿಂಗಳಿಗೇ 8,400 ಆಗುತ್ತದಲ್ವಾ? ನಿಮಗೆ ಆ ಭಯ ಬೇಡ. (ವಿಸಿಟರ್ ವೀಸಾದಲ್ಲಿ ಬಂದ ಅಜ್ಜಿಗೇ ಸಂಬಳ ಕೊಟ್ಟೆ ಅಂತ ಬಿಲ್ ಹಾಕುವ ಐಡಿಯಾ ಇದ್ದರೆ ಈಗಲೇ ಬಿಟ್ಟುಬಿಡಿ.)

ಭರತನಾಟ್ಯ ಕ್ಲಾಸು, ಕನ್ನಡ ಕ್ಲಾಸು ಇದರಲ್ಲಿ ಬರಲ್ಲ. ಬೇಸಿಗೆಯ ಡೇ ಕ್ಯಾಂಪ್ ಬರುತ್ತದೆ, ರಾತ್ರಿ ಉಳಿಯುವ ಕ್ಯಾಂಪ್ ಇಲ್ಲ.

ಮುಂದೆ ಯಾರಾದರೂ ಆಂಟಿ ಮನೆಯಲ್ಲಿ ಬಿಡುವುದಾದರೆ, ಸೇರಿಸುವ ಮುಂಚೆಯೇ ಅವರ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಎಸ್‌ಎಸ್‌ಎನ್ ಕೇಳಿ. ತೆರಿಗೆ ರಿಟರ್ನ್ಸ್ ಜೊತೆ ಕೊಡುವ ಫಾರ್ಮ್ 2441ರಲ್ಲಿ ಅದನ್ನು ಬರೆಯಬೇಕು. "ಕ್ಯಾಶ್ ಕೊಡಿ, ನಂಬರ್ ಮಾತ್ರ ಕೇಳಬೇಡಿ" ಅಂದರೆ ಬೇರೆ ಕಡೆ ನೋಡಿ.