ದೆಹಲಿ–ಟೋಕಿಯೊ: ಗಡಿಯಾರ ಹೇಳುವುದೊಂದು, ಹಾರಾಟದ ಅವಧಿ ಇನ್ನೊಂದು

ಪ್ರಶ್ನೆ: ದೆಹಲಿಯಿಂದ ರಾತ್ರಿ 8ಕ್ಕೆ ಹೊರಡುವ ವಿಮಾನ ಮರುದಿನ ಬೆಳಿಗ್ಗೆ 7ಕ್ಕೆ ಟೋಕಿಯೊ ಸೇರುತ್ತದೆ, ಅಲ್ಲಿಂದ ಬೆಳಿಗ್ಗೆ 11ಕ್ಕೆ ಹೊರಟದ್ದು ಅದೇ ಸಂಜೆ 5ಕ್ಕೆ ದೆಹಲಿಗೆ ಬರುತ್ತದೆ ಎಂದುಕೊಳ್ಳೋಣ. ಹೋಗಲು 11 ಗಂಟೆ, ಬರಲು 6 ಗಂಟೆ ಏಕೆ? ಈ ನಗರಗಳ ನಡುವಿನ ದೂರವೆಷ್ಟು?

ಉತ್ತರ: ವಾಸ್ತವ ಇದಕ್ಕೆ ತದ್ವಿರುದ್ಧ, ಹೆಚ್ಚು ಹೊತ್ತು ಹಿಡಿಯುವುದು ಹಿಂದಿರುಗುವ ಪ್ರಯಾಣವೇ. ವೇಳಾಪಟ್ಟಿಯಲ್ಲಿ ಹೊರಡುವ ಮತ್ತು ತಲುಪುವ ಸಮಯಗಳನ್ನು ಆಯಾ ಊರಿನ ಗಡಿಯಾರದಂತೆಯೇ ಮುದ್ರಿಸುತ್ತಾರೆ. ಜಪಾನಿನ ಗಡಿಯಾರ ಭಾರತದ್ದಕ್ಕಿಂತ ಮೂರೂವರೆ ಗಂಟೆ ಮುಂದಿರುವುದರಿಂದ, ಹೋಗುವಾಗಿನ 11 ಗಂಟೆಯಲ್ಲಿ ಅಷ್ಟನ್ನು ಕಳೆಯಬೇಕು, ಬರುವಾಗಿನ 6 ಗಂಟೆಗೆ ಅಷ್ಟನ್ನು ಕೂಡಬೇಕು. ಆಗ ಹೋಗಲು ಏಳೂವರೆ ಗಂಟೆ, ಬರಲು ಒಂಬತ್ತೂವರೆ ಗಂಟೆ ಎಂದಾಗುತ್ತದೆ.

ಭೂಗೋಳದ ಮೇಲಿನ ಅತಿ ಹತ್ತಿರದ ದಾರಿಯನ್ನು ಲೆಕ್ಕ ಹಾಕಿದರೆ ಎರಡೂ ನಗರಗಳ ವಿಮಾನ ನಿಲ್ದಾಣಗಳ ನಡುವೆ ಸುಮಾರು 5,860 ಕಿ.ಮೀ. ಅಂತರವಿದೆ. ಆದರೆ ಆ ಗೆರೆ ಹಿಮಾಲಯವನ್ನು ದಾಟಿ ಟಿಬೆಟ್ ಪ್ರಸ್ಥಭೂಮಿಯ ಮೇಲೆ ಸಾಗುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ, ಪ್ರಯಾಣಿಕರ ಆಮ್ಲಜನಕದ ಮುಖವಾಡಗಳು ಖಾಲಿಯಾಗುವ ಮೊದಲು, ಅಂದರೆ ಕೆಲವೇ ನಿಮಿಷಗಳಲ್ಲಿ, ಪೈಲಟ್ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿರುವ ಕಡೆ ಅದು ಸಾಧ್ಯವಿಲ್ಲ. ಹೀಗಾಗಿ ವಿಮಾನಗಳು ಸಾಮಾನ್ಯವಾಗಿ ಮೊದಲು ಪೂರ್ವಕ್ಕೆ ಸಾಗಿ, ಬಂಗಾಳ, ಮ್ಯಾನ್ಮಾರ್ ಕಡೆಯಿಂದ ದಕ್ಷಿಣ ಚೀನಾವನ್ನು ಪ್ರವೇಶಿಸುತ್ತವೆ. ಕೋಲ್ಕತ್ತ ಮತ್ತು ದಕ್ಷಿಣ ಚೀನಾದ ಕುನ್ಮಿಂಗ್ ನಗರದ ಮೂಲಕ ಗೆರೆ ಎಳೆದರೆ ದೂರ 6,500 ಕಿ.ಮೀ. ಆಸುಪಾಸಿಗೆ ಏರುತ್ತದೆ. ಅಂತರ್ಜಾಲದ ದೂರಗಣಕಗಳು ತೋರಿಸುವ ಅಂಕಿ ತಪ್ಪಲ್ಲ. ಅದು ವಿಮಾನ ಹಾರುವ ದಾರಿಯದ್ದಲ್ಲ, ಅಷ್ಟೇ.

ಇನ್ನು ಗಾಳಿಯ ಮಾತು. ಈ ಮಾರ್ಗದ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ವೇಗದ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ಮೀರುವುದುಂಟು. (1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಅಳೆದ ಜಪಾನಿನ ವಾಸಾಬುರೊ ಓಯಿಶಿ ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರು, ಹೊರಜಗತ್ತು ಅದನ್ನು ಗಮನಿಸಲಿಲ್ಲ.) ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ 6,500 ಕಿ.ಮೀ. ಕ್ರಮಿಸಲು ಆರೂವರೆ ಗಂಟೆ ಸಾಕು; ಅದೇ ಗಾಳಿ ಎದುರಾದರೆ ಎಂಟು ಗಂಟೆಗೂ ತುಸು ಹೆಚ್ಚು ಬೇಕು. ಗಾಳಿಯೇ ಇಲ್ಲದಿದ್ದರೆ ಏಳೂಕಾಲು ಗಂಟೆ. ಅಂದರೆ ಹೋಗುವಾಗ ಉಳಿದದ್ದು ಮುಕ್ಕಾಲು ಗಂಟೆಗೂ ಕಡಿಮೆ, ಬರುವಾಗ ಕಳೆದದ್ದು ಹೆಚ್ಚುಕಡಿಮೆ ಒಂದು ಗಂಟೆ: ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಲುಕಿರುತ್ತದೆ. ಬೇಸಿಗೆಯಲ್ಲಿ ಜೆಟ್ ಪ್ರವಾಹ ದುರ್ಬಲಗೊಂಡು ಉತ್ತರಕ್ಕೆ ಸರಿಯುವುದರಿಂದ ಈ ವ್ಯತ್ಯಾಸ ಕುಗ್ಗುತ್ತದೆ. ವೇಳಾಪಟ್ಟಿಯ ಅವಧಿಯಲ್ಲಿ ರನ್‌ವೇಗೆ ಸಾಗುವ, ಇಳಿದ ಮೇಲೆ ನಿಲುಗಡೆ ಸೇರುವ ಹೊತ್ತೂ ಸೇರಿರುತ್ತದೆ.

ಪ್ರಶ್ನೆ: ಟೋಕಿಯೊದ ಎರಡು ವಿಮಾನ ನಿಲ್ದಾಣಗಳಲ್ಲಿ ಯಾವುದು ಹತ್ತಿರ?

ಉತ್ತರ: ಆಕಾಶದಲ್ಲಿ ವ್ಯತ್ಯಾಸ ನಗಣ್ಯ, ನೆಲದ ಮೇಲೆ ಹಾಗಲ್ಲ. ಹನೆಡಾ ನಗರದೊಳಗೇ ಇದೆ, ನರಿಟಾ ನಗರದ ಮಧ್ಯಭಾಗದಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಟಿಕೆಟ್ ದರ ಸಮನಾಗಿದ್ದರೆ ಹನೆಡಾವನ್ನೇ ಆರಿಸುವುದು ಲೇಸು.