ನಿಂತ ಪ್ರೋಗ್ರಾಂ ‘ಓಡುತ್ತಿದೆ’ ಎನ್ನುವ ಸ್ಕ್ರಿಪ್ಟ್

ಪ್ರಶ್ನೆ: ಲಿನಕ್ಸ್ ಸರ್ವರ್‌ನಲ್ಲಿ ಬ್ಯಾಕಪ್ ಪ್ರೋಗ್ರಾಂ ಓಡುತ್ತಿದೆಯೇ ಎಂದು ನೋಡಲು, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಪಿಎಸ್ ಕಮಾಂಡಿನ ಪಟ್ಟಿಯನ್ನು, ಪದ ಹುಡುಕುವ ಗ್ರೆಪ್ ಕಮಾಂಡಿಗೆ ಪೈಪ್ ಮಾಡುವ (ನೇರವಾಗಿ ದಾಟಿಸುವ) ಶೆಲ್ ಸ್ಕ್ರಿಪ್ಟ್ ಬರೆದಿದ್ದೇನೆ. ಪ್ರೋಗ್ರಾಂ ನಿಂತಿದ್ದರೂ ಅದು ‘ಓಡುತ್ತಿದೆ’ ಎಂದೇ ವರದಿ ಮಾಡುತ್ತದೆ. ಪಿಎಸ್ ಕೊಡುವ ಸಿಪಿಯು ಶೇಕಡಾವಾರು ಕೂಡ ಟಾಪ್ ಕಮಾಂಡ್ ತೋರಿಸುವುದಕ್ಕೆ ತಾಳೆಯಾಗುವುದಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಸ್ಕ್ರಿಪ್ಟ್‌ಗೆ ಸಿಗುತ್ತಿರುವುದು ಅದರದೇ ಗ್ರೆಪ್. ಪೈಪಿನ ಎರಡೂ ಬದಿಯ ಕಮಾಂಡುಗಳು ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುವುದರಿಂದ, ಹುಡುಕುವ ಪದವನ್ನು ತನ್ನ ಕಮಾಂಡ್ ಸಾಲಿನಲ್ಲೇ ಹೊತ್ತ ಗ್ರೆಪ್ ಕೂಡ ಪಟ್ಟಿಯೊಳಗೆ ಸೇರಿಬಿಡುತ್ತದೆ. ಇದರ ಬದಲು ಪ್ರೋಗ್ರಾಂಗಳನ್ನು ಹೆಸರಿನಿಂದ ಹುಡುಕುವ ಪಿಗ್ರೆಪ್ ಕಮಾಂಡ್ ಬಳಸಿ. ಅದು ತನ್ನನ್ನು ತಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕರ್ನಲ್ (ಲಿನಕ್ಸ್‌ನ ತಿರುಳು) ಪ್ರತಿ ಪ್ರೊಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ, ಹೆಸರಿನಲ್ಲಿ 15 ಬೈಟ್‌ಗಳನ್ನಷ್ಟೇ ಇಟ್ಟುಕೊಳ್ಳುವುದರಿಂದ, ಉದ್ದ ಹೆಸರಿದ್ದರೆ ಪೂರ್ಣ ಕಮಾಂಡ್ ಸಾಲಿನಲ್ಲಿ ಹುಡುಕುವ ‘ಎಫ್’ ಆಯ್ಕೆ ಕೊಡಬೇಕಾಗುತ್ತದೆ. ಆಗ ನಿಮ್ಮ ಸ್ಕ್ರಿಪ್ಟ್‌ನ ಹೆಸರಿನಲ್ಲೇ ‘ಬ್ಯಾಕಪ್’ ಎಂದಿದ್ದರೆ ಹಳೆಯ ತಾಪತ್ರಯ ಮತ್ತೆ ವಕ್ಕರಿಸುತ್ತದೆ, ಜೋಕೆ.

ಶೇಕಡಾವಾರಿನ ವಿಷಯದಲ್ಲಿ ಎರಡೂ ಸುಳ್ಳು ಹೇಳುತ್ತಿಲ್ಲ. ಪ್ರೊಸೆಸ್ ಹುಟ್ಟಿದಾಗಿನಿಂದ ಬಳಸಿದ ಸಿಪಿಯು ಸಮಯವನ್ನು ಅದರ ಒಟ್ಟು ವಯಸ್ಸಿನಿಂದ ಭಾಗಿಸಿದ್ದನ್ನು ಪಿಎಸ್ ಹೇಳುತ್ತದೆ. ಟಾಪ್ ಹೇಳುವುದು ಎರಡು ನೋಟಗಳ ನಡುವಿನ ಬಳಕೆಯನ್ನು. ಗಂಟೆಗಟ್ಟಲೆ ಸುಮ್ಮನಿದ್ದು ಈಗಷ್ಟೇ ಸಿಪಿಯು ನುಂಗತೊಡಗಿದ ಪ್ರೊಸೆಸ್ ಪಿಎಸ್‌ನ ಕಣ್ಣಿಗೆ ಸಾಧುವಾಗಿಯೇ ಕಾಣುತ್ತದೆ.

ಈ ಕ್ಷಣದ ಬಳಕೆ ಬೇಕಿದ್ದರೆ, ಪ್ರೊಸೆಸ್‌ಗಳ ಮಾಹಿತಿ ಸಿಗುವ ‘ಪ್ರೊಕ್’ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್ ಸಂಖ್ಯೆಯ ಒಳಗಿರುವ ‘ಸ್ಟ್ಯಾಟ್’ ಫೈಲನ್ನು ಸ್ವಲ್ಪ ಅಂತರದಲ್ಲಿ ಎರಡು ಬಾರಿ ಓದಿ, 14 ಮತ್ತು 15ನೇ ಅಂಕಣಗಳ (ಬಳಸಿದ ಸಿಪಿಯು ಸಮಯದ) ಮೊತ್ತದಲ್ಲಿ ಎಷ್ಟು ವ್ಯತ್ಯಾಸವಾಗಿದೆ ಎಂದು ನೋಡಿ. ಇವು ಕ್ಲಾಕ್ ಟಿಕ್‌ಗಳ ಲೆಕ್ಕದಲ್ಲಿರುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ 100. ಆದರೆ ಖಾಲಿ ಜಾಗ ಕಂಡಲ್ಲೆಲ್ಲ ಸಾಲನ್ನು ಕತ್ತರಿಸುವ ಮೊದಲು ಯೋಚಿಸಿ: ಎರಡನೇ ಅಂಕಣವಾದ ಹೆಸರು ಆವರಣದೊಳಗಿರುತ್ತದೆ, ಅದರಲ್ಲಿ ಖಾಲಿ ಜಾಗವಷ್ಟೇ ಏಕೆ, ಇನ್ನೊಂದು ಆವರಣಚಿಹ್ನೆಯೂ ಇರಬಹುದು. ಹಾಗಿದ್ದಾಗ ಮುಂದಿನ ಅಂಕಣಗಳೆಲ್ಲ ಪಲ್ಲಟಗೊಂಡು, ಯಾವ ದೋಷಸಂದೇಶವೂ ಇಲ್ಲದೆ ತಪ್ಪು ಅಂಕಿ ಬರುತ್ತದೆ. ಸಾಲಿನ ಕೊಟ್ಟಕೊನೆಯ ಮುಚ್ಚುವ ಆವರಣವನ್ನು ಹುಡುಕಿ ಅಲ್ಲಿಂದ ಎಣಿಸಿ. ನಿಮಗೆ ಬೇಕಾದವು ಅದರ ನಂತರದ 12 ಮತ್ತು 13ನೆಯವು.

ಪಟ್ಟಿ ನೋಡಿ ಫೈಲ್ ತೆರೆಯುವಷ್ಟರಲ್ಲಿ ಪ್ರೊಸೆಸ್ ಮುಗಿದುಹೋಗಿರುವುದೂ ಉಂಟು. ‘ಫೈಲ್ ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ದೋಷವೆಂದು ಭಾವಿಸದೆ ಮುಂದಿನದಕ್ಕೆ ಹೋಗಿ. ಮುಗಿದ ಪ್ರೊಸೆಸ್‌ನ ಸಂಖ್ಯೆ ಕಾಲಕ್ರಮದಲ್ಲಿ ಬೇರೊಂದಕ್ಕೆ ಸಿಗುವುದರಿಂದ, ಬರೆದಿಟ್ಟುಕೊಂಡ ಸಂಖ್ಯೆಯೊಂದನ್ನೇ ನಂಬಿ ಪ್ರೊಸೆಸ್ ನಿಲ್ಲಿಸುವ ‘ಕಿಲ್’ ಕಮಾಂಡ್ ಕೊಡಬೇಡಿ. ಜೊತೆಗೆ 22ನೇ ಅಂಕಣದ ಆರಂಭಸಮಯವನ್ನೂ ಉಳಿಸಿಕೊಂಡು, ಎರಡೂ ಹೊಂದಿದರಷ್ಟೇ ಮುಂದುವರಿಯಿರಿ.

ಪೈಥಾನ್ ಬರುತ್ತಿದ್ದರೆ ಪಿಎಸ್‌ಯುಟಿಲ್ ಲೈಬ್ರರಿ ಈ ಚಾಕರಿಯ ಬಹುಪಾಲನ್ನು ತಾನೇ ಮಾಡುತ್ತದೆ, ಮ್ಯಾಕ್ ಮತ್ತು ವಿಂಡೋಸ್‌ಗಳಲ್ಲೂ ನಡೆಯುತ್ತದೆ. ಮ್ಯಾಕ್‌ನಲ್ಲಿ ‘ಪ್ರೊಕ್’ ಇಲ್ಲವೇ ಇಲ್ಲ. ಶೆಲ್ ಸ್ಕ್ರಿಪ್ಟೇ ಬೇಕೆಂದರೆ ಪಿಎಸ್‌ಗೆ ‘ಒ’ ಆಯ್ಕೆಯ ಮೂಲಕ ಬೇಕಾದ ಅಂಕಣಗಳನ್ನಷ್ಟೇ ಕೇಳಿ, ಪ್ರತಿ ಅಂಕಣದ ಹೆಸರಿನ ಕೊನೆಗೆ ಸಮಚಿಹ್ನೆ ಹಾಕಿದರೆ ತಲೆಬರಹದ ಸಾಲೂ ಬರುವುದಿಲ್ಲ.