ಮನೆಯಲ್ಲಿ ಗ್ರನೋಲಾ (ಓಟ್ಸ್, ಬಾದಾಮಿ-ಗೋಡಂಬಿಗೆ ಸಿಹಿ ಬೆರೆಸಿ ಗರಿಗರಿಯಾಗಿ ಹುರಿದ ತಿಂಡಿ) ಮಾಡಿದರೆ ಒಣದ್ರಾಕ್ಷಿ ಕಲ್ಲಿನಂತಾಗುತ್ತದೆ, ಯಾಕೆ?

ದ್ರಾಕ್ಷಿಯನ್ನು ಓಟ್ಸ್ ಜೊತೆಗೇ ಓವನ್‌ಗೆ ಹಾಕಿರುತ್ತೀರಿ, ಅಲ್ವಾ? ಒಣಹಣ್ಣಿನಲ್ಲಿ ಸಕ್ಕರೆ ಜಾಸ್ತಿ, ನೀರು ಕಡಿಮೆ. ಓಟ್ಸ್ ಕೆಂಪಗಾಗುವಷ್ಟರಲ್ಲಿ ಇದ್ದ ನೀರೂ ಆರಿ ಅದು ಗಟ್ಟಿಯಾಗಿ, ಸೀದು ಕಹಿಯಾಗಿರುತ್ತದೆ. ದ್ರಾಕ್ಷಿ, ಖರ್ಜೂರ, ಅಂಜೂರ ಯಾವುದೇ ಇರಲಿ, ಓವನ್‌ನಿಂದ ತೆಗೆದು ಆರಿದ ಮೇಲೆ ಸೇರಿಸಿ.

3 ಕಪ್ ರೋಲ್ಡ್ ಓಟ್ಸ್‌ಗೆ (ಅವಲಕ್ಕಿಯಂತೆ ಚಪ್ಪಟೆ ಮಾಡಿದ ಓಟ್ಸ್) 1 ಕಪ್ ಬಾದಾಮಿ, ಗೋಡಂಬಿ ಚೂರು, ಕಾಲು ಕಪ್ ಎಣ್ಣೆ, ಕಾಲು ಕಪ್‌ಗಿಂತ ತುಸು ಜಾಸ್ತಿ ಜೇನು ಅಥವಾ ಜೋನಿಬೆಲ್ಲ, ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಸಿಹಿ ಎದ್ದು ಕಾಣುವುದೇ ಅದರಿಂದ. ಇನ್‌ಸ್ಟಂಟ್ ಓಟ್ಸ್ ಬೇಡ, ಪುಡಿಪುಡಿಯಾಗುತ್ತದೆ.

ಟ್ರೇಯಲ್ಲಿ ತೆಳ್ಳಗೆ ಹರಡಿ 150 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಇಡಿ. ಮಧ್ಯೆ ಒಮ್ಮೆ ಕೈಯಾಡಿಸಿ, ಸೌಟಿನ ಬೆನ್ನಿನಿಂದ ಒತ್ತಿ. ತೆಗೆದಾಗ ಮೆತ್ತಗೇ ಇರುತ್ತದೆ. ಇನ್ನೂ ಬೆಂದಿಲ್ಲ ಅಂತ ಸುಮ್ನೆ ಮತ್ತೆ ಒಳಗಿಡಬೇಡಿ. ಗರಿಗರಿಯಾಗುವುದು ಆರಿದ ಮೇಲೆ. ಪೂರ್ತಿ ಆರುವ ತನಕ ಮುಟ್ಟದಿದ್ದರೆ ಒಳ್ಳೆ ಗಟ್ಟಿ ಉಂಡೆಗಳು ಸಿಗುತ್ತವೆ.

ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಉಂಡೆ ಕಟ್ಟುವುದಿಲ್ಲ, ರುಚಿಗೇನೂ ಮೋಸವಿಲ್ಲ.

ಮಳೆಗಾಲದಲ್ಲಿ ಹಣ್ಣನ್ನು ಬೇರೆ ಡಬ್ಬಿಯಲ್ಲಿಡಿ. ಅದರ ಪಸೆಗೆ ಓಟ್ಸ್ ಮೆತ್ತಗಾಗುತ್ತದೆ. ತಿನ್ನುವಾಗ ಬಟ್ಟಲಿಗೆ ಹಾಕಿಕೊಂಡರಾಯಿತು.